ಸೈಕಲ್ಲಿನವನಿಗೂ ರಸ್ತೆಯಲ್ಲಿ ಪಾಲಿದೆ

(ವಿಜಯಪುರದಲ್ಲಿ ಸೈಕಲ್ ಸವಾರರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಅರ್ಧ ಮಂದಿ ನನ್ನ ಕಡೆ ನೋಡುತ್ತಿಲ್ಲ, ಬಾಗಿಲ ಕಡೆ ನೋಡುತ್ತಿದ್ದೀರಿ. ನನಗೆ ಬೇಸರವಿಲ್ಲ. ಹೊರಗೆ ಗೋಡೆಗೆ ಒರಗಿಸಿ ಬಂದ ಸೈಕಲ್ಲು ಇದೆಯೋ ಹೋಯಿತೋ ಎಂಬ ಚಿಂತೆ ನಿಮ್ಮದು. ಕಾರಿನಲ್ಲಿ ಬಂದವರಿಗೆ ಆ ಚಿಂತೆಯಿಲ್ಲ. ಅವರಿಗೆ ಸುಣ್ಣದ ಗೆರೆ ಎಳೆದ ಜಾಗವಿದೆ. ಇವತ್ತು ನಾನು ಹೇಳಬೇಕಾದ್ದರ ಸಾರ ಇಷ್ಟೆ. ಉಳಿದದ್ದು ವಿವರಣೆ.

ಹಿಂದೆ ನಮ್ಮ ಊರುಗಳ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು. ಹಣ ಕಟ್ಟಿದವನಿಗೆ ಒಂದು ಬಿಲ್ಲೆ. ಬಿಲ್ಲೆಯಿಲ್ಲದಿದ್ದರೆ ದಂಡ, ದೀಪವಿಲ್ಲದಿದ್ದರೆ ದಂಡ, ಇಬ್ಬರು ಕುಳಿತರೆ ದಂಡ. ಅಂದು ತೆರಿಗೆ ಕೊಟ್ಟೆವು, ದಾರಿ ಸಿಗಲಿಲ್ಲ. ಇಂದು ತೆರಿಗೆ ಹೋಗಿದೆ, ದಾರಿ ಈಗಲೂ ಇಲ್ಲ. ಇದ್ದ ಅಂಚನ್ನೂ ನಿಂತ ಕಾರುಗಳು ನುಂಗಿವೆ.

"ಈಗ ಸೈಕಲ್ಲು ಯಾರು ಹೊಡೆಯುತ್ತಾರ್ರೀ?" ಎಂದು ಕೇಳುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಕಾರು, ಜೀಪು ಇದ್ದದ್ದು ಐದು ಮನೆಗೂ ಕಡಿಮೆ. ಆ ಐದು ಮನೆಗಾಗಿ ರಸ್ತೆ ಅಗಲವಾಗುತ್ತದೆ. ಉಳಿದ ಮನೆಯವರು ಗಟಾರದ ಅಂಚಿಗೆ ಸರಿಯಬೇಕು. ಇದು ಯಾವ ಸೀಮೆಯ ನ್ಯಾಯ?

ಬೆಳಗಿನ ಜಾವ ಎದ್ದು ನೋಡಿರಿ. ಹಾಲಿನ ಕ್ಯಾನು ಕಟ್ಟಿದವನು, ಪೇಪರು ಹಾಕುವ ಹುಡುಗ, ಗಾರೆ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಟವನು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಅವನಿಗೆ ಬೇರೆ ಗತಿಯಿಲ್ಲ. ಸಾಲ ಮಾಡಿ ಮೋಟಾರ್ ಬೈಕು ಕೊಂಡವನೂ ಅನೇಕ ವೇಳೆ ಆಸೆಯಿಂದ ಕೊಳ್ಳಲಿಲ್ಲ, ಅಂಜಿಕೆಯಿಂದ ಕೊಂಡ. ಸೈಕಲ್ಲಿನವನಿಗೆ ಲಾರಿಯವನು ದಾರಿ ಬಿಡುವುದಿಲ್ಲ, ಕಚೇರಿಯ ಜವಾನ ಮರ್ಯಾದೆ ಕೊಡುವುದಿಲ್ಲ.

ನಾನು ಮಾಸ್ತರಿಕೆ ಮಾಡಿದವನು. ಸರಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿತು. ಆ ಸೈಕಲ್ಲು ಮಾಡಿದ ಕೆಲಸವನ್ನು ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ. ಎರಡು ಮೂರು ಮೈಲು ದೂರದ ತೋಟದ ವಸ್ತಿಗಳಿಂದ ಬರುವ ಹೆಣ್ಣುಮಕ್ಕಳು ಏಳನೆಯದಕ್ಕೇ ಶಾಲೆ ಬಿಡುತ್ತಿದ್ದರು. ಸೈಕಲ್ಲು ಬಂದ ಮೇಲೆ ನಾಲ್ಕಾರು ಜನ ಗುಂಪಾಗಿ ಬಂದರು. "ನನ್ನ ಮಗಳನ್ನು ಒಬ್ಬಳನ್ನೇ ಕಳಿಸಲಾರೆ" ಎನ್ನುತ್ತಿದ್ದ ತಂದೆಗೆ ಆ ಗುಂಪೇ ಉತ್ತರವಾಯಿತು. ಕೊರೊನಾ ವರ್ಷಗಳಲ್ಲಿ ಆ ಯೋಜನೆ ನಿಂತಿತು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ಲು ಕಲಿತರು. ಅಕ್ಷರದ ಜೊತೆಗೆ ಚಕ್ರವೂ ಬೇಕೆಂಬುದನ್ನು ಅವರು ಅರಿತಿದ್ದರು.

ಇನ್ನು ಕ್ರೀಡೆಯ ಮಾತು. ವಿಜಯಪುರ, ಬಾಗಲಕೋಟೆ ಎಂದರೆ ನಾಡಿನಲ್ಲಿ ಸೈಕ್ಲಿಂಗಿನ ತವರು. ಒಣಬೇಸಾಯದ ಮನೆಗಳ ಮಕ್ಕಳು, ಹೆಣ್ಣೂ ಗಂಡೂ, ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಪದಕ ಬಂದ ದಿನ ಎಲ್ಲರೂ ಹಾರ ಹಿಡಿದು ನಿಲ್ಲುತ್ತೇವೆ. ಮರುದಿನ ಅದೇ ಮಗು ಸೊಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅಭ್ಯಾಸ ಮಾಡುತ್ತದೆ. ಈ ಊರಿನ ವೆಲೊಡ್ರೋಮಿನ ಕೆಲಸ ವರ್ಷಗಟ್ಟಲೆ ಎಳೆದದ್ದು ನಿಮಗೆಲ್ಲ ಗೊತ್ತು. ಒಳ್ಳೆಯ ರೇಸಿನ ಸೈಕಲ್ಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಎರಡೆಕರೆ ಜೋಳದ ಹೊಲದವನು ಎಲ್ಲಿಂದ ತಂದಾನು?

ಕ್ರೀಡೆ ಬೇರೆ, ಸಂಚಾರ ಬೇರೆ ಎಂದು ಯಾರೂ ಭಾವಿಸಬಾರದು. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಸಾವಿರ ಮಕ್ಕಳಲ್ಲಿ ಹತ್ತು ಮಂದಿ ಸ್ಪರ್ಧಿಗಳಾದಾರು. ಆ ಸಾವಿರವೇ ಇಲ್ಲವಾದರೆ ಹತ್ತನ್ನು ಎಲ್ಲಿ ಹುಡುಕುತ್ತೀರಿ?

"ಹಾಲೆಂಡಿನ ಮಾತು ಇಲ್ಲೇಕೆ?" ಎಂದೀರಿ. ಹಾಲೆಂಡು ಹುಟ್ಟಿನಿಂದ ಹಾಗಿರಲಿಲ್ಲ. ಕಾರು ಹೆಚ್ಚಿದಂತೆ ಅಲ್ಲಿಯೂ ಸೈಕಲ್ಲು ಮೂಲೆ ಸೇರಿತ್ತು. 1971ರ ಒಂದೇ ವರ್ಷ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನೂರಾರು ಮಕ್ಕಳು. ತಾಯಿ ತಂದೆಯರು ಬೀದಿಗಿಳಿದರು. 1973ರಲ್ಲಿ ತೈಲದ ಅಭಾವ ಬಂತು. ಜನರ ಒತ್ತಾಯಕ್ಕೆ ಮಣಿದು ಪೌರಸಭೆಗಳು ದಾರಿ ಕಟ್ಟಿದವು. ಬಿಸಿಲಿನ ನೆಪವನ್ನೂ ಹೇಳಬೇಡಿ. ಬಿಸಿಲಿಗೆ ಮದ್ದು ಬೇವಿನ ಮರ, ಅದನ್ನು ನೆಡುವುದೂ ಪಾಲಿಕೆಯ ಕೆಲಸವೇ. ನಮ್ಮದು ಹೆಚ್ಚುಕಡಿಮೆ ಸಪಾಟು ನೆಲ. ಐದು ಕಿಲೋಮೀಟರು ಹೋಗಲು ಇಪ್ಪತ್ತು ನಿಮಿಷ ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೈಸೂರಿನಲ್ಲಿ 2017ರ ಜೂನಿನಲ್ಲಿ 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಬಂತು. ಒಳ್ಳೆಯ ಕೆಲಸ. ಆದರೆ ಬಾಡಿಗೆ ಸೈಕಲ್ಲು ತಂದು ರಿಬ್ಬನ್ನು ಕತ್ತರಿಸಿದರಷ್ಟೇ ಸಾಲದು. ಬ್ರೇಕು, ಚೈನು ನೋಡುವವನು ಬೇಕು, ಓಡಿಸಲು ದಾರಿ ಬೇಕು.

ಆದ್ದರಿಂದ ಪಾಲಿಕೆಯ ಸದಸ್ಯರಲ್ಲಿ ನಮ್ಮ ಬೇಡಿಕೆಗಳು ಇವು:

ಒಂದು, ಸ್ಟೇಷನ್ ರಸ್ತೆಯಿಂದಲೇ ಆರಂಭಿಸಿ ಮುಖ್ಯ ರಸ್ತೆಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಟ್ಟಿ ಬಿಡಿ. ಬಣ್ಣ ಬಳಿದರೆ ಅದರ ಮೇಲೆ ಕಾರು ನಿಲ್ಲುತ್ತದೆ. ನಡುವೆ ಕಲ್ಲಿನ ಕಟ್ಟೆ ಹಾಕಿರಿ.

ಎರಡು, ಬಜಾರು, ಬಸ್ ನಿಲ್ದಾಣ, ಆಸ್ಪತ್ರೆ, ಕಚೇರಿಗಳ ಮುಂದೆ ನೆರಳಿರುವ, ಕಾವಲಿರುವ, ಪುಕ್ಕಟೆ ಸೈಕಲ್ ಸ್ಟ್ಯಾಂಡು ಕಟ್ಟಿಸಿ.

ಮೂರು, ಪ್ರತಿದಿನ ಬೆಳಿಗ್ಗೆ ಐದರಿಂದ ಏಳರವರೆಗೆ ಒಂದು ಸುತ್ತಿನ ರಸ್ತೆಯನ್ನು ಅಭ್ಯಾಸದ ಮಕ್ಕಳಿಗೆ ಬಿಟ್ಟುಕೊಡಿ. ಪಾಲಿಕೆಯ ಖರ್ಚಿನಲ್ಲಿ ಹತ್ತಾದರೂ ರೇಸಿನ ಸೈಕಲ್ಲು ಕೊಂಡು ಬಡ ಮಕ್ಕಳಿಗೆ ಸರದಿಯಲ್ಲಿ ಕೊಡಿ.

ನಾಲ್ಕು, ಮರದಡಿ ಪಂಕ್ಚರ್ ಹಾಕುವವನನ್ನು ಅತಿಕ್ರಮಣದ ಹೆಸರಲ್ಲಿ ಓಡಿಸಬೇಡಿ. ಅವನಿಲ್ಲದೆ ಸೈಕಲ್ಲಿಲ್ಲ.

ಐದು, ಇದಕ್ಕೆಲ್ಲ ಮುಂಗಡಪತ್ರದಲ್ಲಿ ಪ್ರತ್ಯೇಕ ಬಾಬ್ತು ತೆಗೆಯಿರಿ. ಬಾಬ್ತಿಲ್ಲದ ಭರವಸೆ ಗಾಳಿಯಿಲ್ಲದ ಟ್ಯೂಬು.

ಇಲ್ಲಿ ಬಂದಿರುವ ಸದಸ್ಯರು ಒಳ್ಳೆಯ ಮನಸ್ಸಿನವರೆಂದು ನಂಬಿದ್ದೇನೆ. ಒಂದು ವಾರ ಸಭೆಗೆ ಸೈಕಲ್ಲಿನಲ್ಲಿ ಹೋಗಿ ನೋಡಿರಿ. ಎಂಟನೆಯ ದಿನ ನೀವೇ ಠರಾವು ತರುತ್ತೀರಿ. ತರದಿದ್ದರೆ ಬೇಸರವಿಲ್ಲ, ಮುಂಗಡಪತ್ರದ ಸಭೆಯ ದಿನ ನಾವೆಲ್ಲ ಸೈಕಲ್ಲಿನಲ್ಲೇ ಪಾಲಿಕೆಗೆ ಬರುತ್ತೇವೆ. ನಿಲ್ಲಿಸಲು ಜಾಗ ಎಲ್ಲಿದೆಯೆಂದು ಅಂದು ನೀವೇ ತೋರಿಸಬೇಕಾಗುತ್ತದೆ.