ಚಿತ್ರದೊಳಗಿನ ಬಟ್ಟೆ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ನೂಲುವವರು, ನೇಯುವವರು, ಗಜಕಡ್ಡಿ ಹಿಡಿದು ಅಳೆದು ಮಾರುವವರು ಇಲ್ಲಿ ಕೂಡಿದ್ದೀರಿ. ಬಟ್ಟೆಯ ವಿಷಯದಲ್ಲಿ ನಾವು ನಿಮಗೆ ಹೇಳಿಕೊಡಬೇಕಾದದ್ದೇನೂ ಇಲ್ಲ. ಚಿತ್ರದೊಳಗಿನ ಬಟ್ಟೆ ಏನು ಹೇಳುತ್ತದೆಂಬುದನ್ನಷ್ಟೇ ಇಂದು ವಿಚಾರ ಮಾಡೋಣ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಚಿತ್ರವನ್ನು ರಿಗೋ ಎಂಬ ಕಲಾವಿದ 1701ರಲ್ಲಿ ಬರೆದ. ನೀಲಿ ಮಖಮಲ್ಲಿನ ನಿಲುವಂಗಿ, ಅದರ ತುಂಬ ಚಿನ್ನದ ಬಣ್ಣದ ಲಿಲಿ ಹೂಗಳು, ಒಳಗೆ ಬಿಳಿಯ ತುಪ್ಪುಳಿನ ಅಸ್ತರು, ಕಾಲಿಗೆ ಕೆಂಪು ಹಿಮ್ಮಡಿಯ ಜೋಡು. ಲಿಲಿ ಆ ಅರಸುಮನೆತನದ ಗುರುತು. ತುಪ್ಪುಳು ರಾಜಾಧಿಕಾರದ ಗುರುತು. ದೊರೆಗೆ ಆಗಲೇ ಅರವತ್ತು ದಾಟಿತ್ತು. ನಿಲುವಂಗಿ ತೆಗೆದಿಟ್ಟರೆ ಉಳಿಯುವವನು ಎಲ್ಲರಂಥ ಒಬ್ಬ ಮುದುಕ. ಅದನ್ನು ಮರೆಸುವುದೇ ಆ ಬಟ್ಟೆಯ ಕೆಲಸ. ಅದನ್ನು ನೇಯ್ದ ಕೈ ಚಿತ್ರದಲ್ಲೆಲ್ಲೂ ಇಲ್ಲ.

ಅದೇ ದೇಶದ ಕೂರ್ಬೆ ಎಂಬ ಕಲಾವಿದ, ರಸ್ತೆಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ ಇಬ್ಬರನ್ನು ಕಂಡು 1849ರಲ್ಲಿ ಅವರನ್ನು ಆಳೆತ್ತರಕ್ಕೆ ಚಿತ್ರಿಸಿದ. ಮುದುಕನ ಷರಾಯಿಗೆ ತೇಪೆ. ಕಾಲಿಗೆ ಮರದ ಜೋಡು. ಕಾಲುಚೀಲ ಹರಿದು ಹಿಮ್ಮಡಿ ಕಾಣುತ್ತಿದೆ. ಹುಡುಗನ ಅಂಗಿ ಹರಕು. ಒಬ್ಬನ ಮುಖ ಟೊಪ್ಪಿಗೆಯ ನೆರಳಿನಲ್ಲಿದೆ, ಇನ್ನೊಬ್ಬನದು ಅತ್ತ ತಿರುಗಿದೆ. ಮುಖ ಕಾಣದ ಮೇಲೆ ಮಾತಾಡುವುದು ಬಟ್ಟೆಯೇ. ಈ ಹುಡುಗ ಬೆಳೆದರೆ ಈ ಮುದುಕನೇ ಆಗುತ್ತಾನೆ ಎನ್ನುತ್ತದೆ ಅದು. ದೊರೆ ದೇವತೆಗಳಿಗೆ ಮೀಸಲಾಗಿದ್ದ ಅಳತೆಯಲ್ಲಿ ತೇಪೆಯ ಷರಾಯಿಯೇ ಎಂದು ಹಲವರು ಮೂಗು ಮುರಿದರು. ಕೂರ್ಬೆ ಬಗ್ಗಲಿಲ್ಲ. 1871ರ ಪ್ಯಾರಿಸ್ ಕಮ್ಯೂನಿನಲ್ಲಿ ಸೇರಿ ಸೆರೆಮನೆಯನ್ನೂ ಕಂಡ. ಚಿತ್ರ 1945ರಲ್ಲಿ ಜರ್ಮನಿಯಲ್ಲಿ ಯುದ್ಧಕ್ಕೆ ಬಲಿಯಾಯಿತು. ನಾವು ಇಂದು ನೋಡುವುದು ಅದರ ಛಾಯಾಚಿತ್ರವನ್ನು.

ಈಗ ನಮ್ಮ ಮಾತು. ಹಿಂದೊಮ್ಮೆ ಸಂಘದ ಗೋಡೆಗೆಂದು ನಾವು ಹನ್ನೆರಡು ಮಂದಿ ಭಾವಚಿತ್ರ ತೆಗೆಸಿಕೊಂಡೆವು. ಸ್ಟುಡಿಯೋದ ಗೂಟದಲ್ಲಿ ಒಂದು ಕರಿ ಕೋಟು ತೂಗುತ್ತಿತ್ತು. ಸರದಿಯಂತೆ ಎಲ್ಲರೂ ಅದನ್ನೇ ತೊಟ್ಟೆವು. ಹನ್ನೆರಡು ಮುಖ, ಒಂದೇ ಕೋಟು! ನೇಕಾರ ಸಂಗಾತಿಯೊಬ್ಬರ ಪುಟ್ಟ ಮಗಳು ಅದನ್ನು ನೋಡಿ, “ಅಪ್ಪನ ಅಂಗಿ ಎಲ್ಲಿ?” ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ.

ಹರಕು ಬಟ್ಟೆಯನ್ನು ನಾವು ಹೊಗಳುತ್ತಿಲ್ಲ. ಅದು ತೊಲಗಬೇಕೆಂದೇ ನಮ್ಮ ಹೋರಾಟ. ಆದರೆ ಅದನ್ನು ತೊಟ್ಟವನು ಏಕೆ ನಾಚಬೇಕು? ದಿನವಿಡೀ ನೇಯುವವನಿಗೆ ಗಟ್ಟಿಯಾದ ಒಂದು ಅಂಗಿ ದಕ್ಕದಂತೆ ಮಾಡಿದವರು ನಾಚಲಿ.

ಮುಂದಿನ ತಿಂಗಳು ಸಂಘದ ಗುಂಪುಚಿತ್ರ ತೆಗೆಸುವುದಿದೆ. ಕೋಟು ಬೇಡ. ಪಾಳಿ ಮುಗಿಸಿ, ಮೈಮೇಲಿನ ಹತ್ತಿಯ ಧೂಳು ಕೊಡವಿ, ಹಾಗೆಯೇ ಬನ್ನಿ. ಆ ಮಗುವಿಗೆ ನಾವು ಒಂದು ಉತ್ತರ ಕೊಡಬೇಕಾಗಿದೆ.