ಕಾಲೇಜು ಸೇರಿದ ಮಕ್ಕಳಿಗೆ ನಮ್ಮ ಆಸರೆ



ಒಟ್ಲಿನಿಂದ ಕಿತ್ತು ನೆಟ್ಟ ಪೈರು ನಾಲ್ಕು ದಿನ ಬಾಡುವುದು ಸಹಜ. ಬೇರು ಹಿಡಿಯಿತೇ ಎಂದು ಕಿತ್ತು ನೋಡುವುದಿಲ್ಲ, ನೀರು ಹಾಯಿಸುತ್ತೇವೆ. ಹೈಸ್ಕೂಲು, ಪಿಯುಸಿ ಮುಗಿಸಿ ವಿಶ್ವವಿದ್ಯಾನಿಲಯ ಸೇರಿದ ಮಕ್ಕಳೂ ಹಾಗೆಯೇ.

1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವನ್ನೇ ನೋಡಿರಿ. ಕೃಷಿ ಪದವಿಗೆ 4 ವರ್ಷ, 8 ಸೆಮಿಸ್ಟರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿದವರಿಗೆ ತಾವು ಬೆಳೆದ ಬೆಳೆಯ ಹೆಸರೇ ಹೊಸದಾಗಿ ಕೇಳುತ್ತದೆ. ಇದು ದಡ್ಡತನವಲ್ಲ.

ಮೊದಲ ಪರೀಕ್ಷೆಯಲ್ಲಿ ಅಂಕ ಇಳಿದರೆ “ಊರಿಗೆ ಬಂದುಬಿಡು” ಎನ್ನಬೇಡಿರಿ. ತಿಳಿಯದ್ದನ್ನು ಅಧ್ಯಾಪಕರಲ್ಲಿ ಕೇಳಲು ಧೈರ್ಯ ಹೇಳಿರಿ. ಪರೀಕ್ಷೆಯ ವಾರದಲ್ಲಿ ಕಣದ ಕೆಲಸಕ್ಕೆ ಕರೆಯಬೇಡಿರಿ. ಕೊನೆಯ ವರ್ಷ ಅವರು ಹಳ್ಳಿಯಲ್ಲಿ ತಂಗಿ ರೈತರಿಂದಲೇ ಕಲಿಯಬೇಕು. ಆಗ ನೀವು ಕಲಿಸಿದ ಬೇಸಾಯವೇ ಅವರ ಬಂಡವಾಳ. ಅಲ್ಲಿಯವರೆಗೆ ತಾಳ್ಮೆಯಿಂದ ನೀರೆರೆಯೋಣ.