ಮೋಟಾರ್ ಸೈಕಲ್ಲಿನ ಮುಂಗಾಲುಗಳು

ಕುದುರೆಯನ್ನು ಕೊಳ್ಳುವವನು ಮೊದಲು ಅದರ ಕಾಲುಗಳನ್ನು ಪರೀಕ್ಷಿಸುತ್ತಾನೆ. ಮೋಟಾರ್ ಸೈಕಲ್ಲನ್ನು ಕೊಳ್ಳುವವನಾದರೋ ಎಂಜಿನ್ನಿನ ಸದ್ದನ್ನು ಆಲಿಸುತ್ತಾನೆ, ಬಣ್ಣವನ್ನು ನೋಡುತ್ತಾನೆ, ಪೆಟ್ರೋಲಿನ ಲೆಕ್ಕ ಕೇಳುತ್ತಾನೆ. ಮುಂದಿನ ಚಕ್ರವನ್ನು ಎರಡು ಕಡೆಯಿಂದಲೂ ಹಿಡಿದು ನಿಂತ ಜೋಡಿ ಕೊಳವೆಗಳತ್ತ ಅವನ ಕಣ್ಣು ಹರಿಯುವುದು ಅಪರೂಪ. ರಿಪೇರಿ ಅಂಗಡಿಯ ಭಾಷೆಯಲ್ಲಿ ಇವಕ್ಕೆ ಫೋರ್ಕ್ ಎಂದು ಹೆಸರು. ನಾವು ಮುಂಗಾಲುಗಳೆನ್ನೋಣ. ರಸ್ತೆಯ ಪೆಟ್ಟನ್ನು ಮೊದಲು ತಿನ್ನುವವು ಇವೇ. ಬ್ರೇಕು ಹಾಕಿದಾಗ ಮುಂದಕ್ಕೆ ವಾಲುವ ಭಾರವನ್ನು ಹೊರುವವೂ ಇವೇ.

ಇವುಗಳ ಒಳರಚನೆ ಸರಳವಾದದ್ದು. ಒಂದು ಕೊಳವೆಯೊಳಗೆ ಇನ್ನೊಂದು ಜಾರುತ್ತದೆ. ಒಳಗೊಂದು ನೀಳವಾದ ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಜೀರ್ಣಿಸಿಕೊಳ್ಳಲಾರದು, ಮರುಕ್ಷಣವೇ ಹಿಂದಕ್ಕೆ ಕೊಡುತ್ತದೆ. ಅದೊಂದೇ ಇದ್ದಿದ್ದರೆ ಗುಂಡಿ ದಾಟಿದ ಗಾಡಿ ಬಹಳ ದೂರ ಕುಣಿಯುತ್ತ ಸಾಗಬೇಕಾಗಿತ್ತು. ಕುಣಿತವನ್ನು ಅಡಗಿಸುವುದು ಎಣ್ಣೆ. ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಅದು ಒಡ್ಡುವ ಪ್ರತಿರೋಧದಿಂದ ಚಲನೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ತನ್ನ ಆರ್ 12 ಗಾಡಿಗೆ ಇಂಥ ಮುಂಗಾಲುಗಳನ್ನು ಜೋಡಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ, ಅನಂತರದ ಯೆಜ್ಡಿ, ಇವುಗಳಲ್ಲಿಯೂ ಇದ್ದದ್ದು ಈ ತತ್ವವೇ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅದರ ಗಾಡಿಗಳು ಇಂದಿಗೂ ಅಲ್ಲಲ್ಲಿ ಓಡುತ್ತಿದ್ದರೆ, ಅದಕ್ಕೆ ಮನೆಯಂಗಳದ ಆರೈಕೆಯೂ ಒಂದು ಕಾರಣ.

ಮುಂಗಾಲಿನ ಕಾಯಿಲೆ ಸದ್ದಿಲ್ಲದೆ ಬರುತ್ತದೆ. ಎರಡು ಕೊಳವೆಗಳು ಸೇರುವಲ್ಲಿ ಎಣ್ಣೆಯನ್ನು ತಡೆದಿಡುವ ರಬ್ಬರಿನ ಬಳೆಯೊಂದಿದೆ; ಆಯಿಲ್ ಸೀಲ್ ಎನ್ನುತ್ತಾರೆ. ಧೂಳಿನ ಕಣವೋ ಕೊಳವೆಯ ಮೇಲಿನ ತುಕ್ಕಿನ ಚುಕ್ಕೆಯೋ ಅದರ ಅಂಚನ್ನು ಸವೆಸುತ್ತದೆ. ಹೊಳೆಯುವ ಕೊಳವೆಯ ಮೇಲೆ ಜಿಡ್ಡಿನ ಉಂಗುರ ಕಂಡರೆ ಸೀಲು ಸೋತಿದೆಯೆಂದು ತಿಳಿಯಬೇಕು. ಇದನ್ನು ಉಪೇಕ್ಷಿಸುವುದು ಸಲ್ಲದು. ಕೆಳಗಿಳಿದ ಎಣ್ಣೆ ಬ್ರೇಕಿನ ಲೈನಿಂಗನ್ನು ಮುಟ್ಟಿತೆಂದರೆ, ಹಿಡಿಯಬೇಕಾದ ಬ್ರೇಕು ಜಾರುತ್ತದೆ. ಗಂಡ, ಹೆಂಡತಿ, ನಡುವೆ ಮಗು, ಹೀಗೆ ಒಂದು ಸಂಸಾರವೇ ಕುಳಿತು ಸಾಗುವ ವಾಹನದಲ್ಲಿ ಇದು ಸಣ್ಣ ಮಾತಲ್ಲ.

ದುರಸ್ತಿಯ ಕ್ರಮವನ್ನು ಸ್ಥೂಲವಾಗಿ ಹೇಳುತ್ತೇನೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಭದ್ರವಾದ ಮರದ ತುಂಡನ್ನಿಟ್ಟು ಮುಂಚಕ್ರವನ್ನು ನೆಲದಿಂದ ಎತ್ತಬೇಕು. ಕೊಳವೆಗಳು ಇನ್ನೂ ಚೌಕಟ್ಟಿನ ಹಿಡಿತದಲ್ಲಿರುವಾಗಲೇ ತುದಿಯ ಮುಚ್ಚಳಗಳನ್ನು ತುಸು ಸಡಿಲಿಸಿಕೊಳ್ಳುವುದು ಜಾಣತನ. ಕಳಚಿ ಕೈಗೆ ತೆಗೆದುಕೊಂಡ ಮೇಲೆ ಅವು ಸುಲಭವಾಗಿ ಮಣಿಯವು. ಮುಚ್ಚಳವನ್ನು ಪೂರ್ತಿ ಬಿಚ್ಚುವಾಗ ಅದನ್ನು ಕೆಳಗೆ ಅದುಮಿ ಹಿಡಿದಿರಬೇಕು, ಮುಖವನ್ನು ಪಕ್ಕಕ್ಕೆ ಸರಿಸಿರಬೇಕು. ಒಳಗೆ ಒತ್ತಿಕೊಂಡಿರುವ ಸ್ಪ್ರಿಂಗಿಗೆ ದಾಕ್ಷಿಣ್ಯವಿಲ್ಲ.

ಹಳೆಯ ಎಣ್ಣೆಯನ್ನು ಪಾತ್ರೆಗೆ ಬಸಿದಾಗ ಅದರ ಬಣ್ಣವೇ ಕಥೆ ಹೇಳುತ್ತದೆ. ಹಾಲುಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬೂದುಬಣ್ಣದ ಹೊಳಪಿದ್ದರೆ ಲೋಹ ಸವೆದಿದೆ. ಈ ಎಣ್ಣೆಯನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಬಾರದು. ಹಳೆಯ ಸೀಲನ್ನು ಮೀಟುವಾಗ ಅದು ಕುಳಿತ ಜಾಗಕ್ಕೆ ಗೀರು ಬೀಳದಂತೆ ನೋಡಿಕೊಳ್ಳಬೇಕು. ಹೊಸದಕ್ಕೆ ಎಣ್ಣೆ ಸವರಿ, ಅದರ ತುಟಿ ಒಳಗಿನ ಎಣ್ಣೆಯ ಕಡೆಗೆ ಇರುವಂತೆ, ಅದೇ ಅಗಲದ ಕೊಳವೆಯ ತುಂಡಿನಿಂದ ಸಮನಾಗಿ ತಟ್ಟಿ ಕೂರಿಸಬೇಕು. ಒಂದು ಕಡೆ ವಾಲಿದ ಸೀಲು ಹೊಸದಾದರೂ ಸೋರುತ್ತದೆ.

ಇನ್ನು ಎಣ್ಣೆಯ ಅಳತೆ. ಗಾಡಿಯ ಕೈಪಿಡಿ ಹೇಳಿದ ದರ್ಜೆ, ಹೇಳಿದಷ್ಟೇ ಪ್ರಮಾಣ, ಎರಡು ಕಾಲುಗಳಿಗೂ ಅಳತೆಯ ಲೋಟದಿಂದ ಹಾಕಬೇಕು. ಕಣ್ಣಂದಾಜು ಇಲ್ಲಿ ಸಲ್ಲದು. ಹೆಚ್ಚಾದರೆ ಮೇಲಿನ ಗಾಳಿಗೆ ಜಾಗವಿಲ್ಲದೆ ಗಾಡಿ ಬಿಗಿಯುತ್ತದೆ, ಸೀಲಿನ ಮೇಲೆ ಒತ್ತಡ ಬೀಳುತ್ತದೆ; ಕಡಿಮೆಯಾದರೆ ಕುಣಿಯುತ್ತದೆ. ಕೊಳವೆಯನ್ನು ನಿಧಾನವಾಗಿ ಮೇಲೆಕೆಳಗೆ ಆಡಿಸಿ, ಗುಳ್ಳೆಗಳು ಅಡಗುವವರೆಗೆ ಕಾಯಬೇಕು. ಚಕ್ರವನ್ನು ಸೇರಿಸಿದ ಮೇಲೆ, ಕೊನೆಯ ಬಿಗಿತಕ್ಕೆ ಮುನ್ನ, ಗಾಡಿಯನ್ನು ಕೆಲವು ಸಲ ಕುಪ್ಪಳಿಸಬೇಕು; ಎರಡು ಕಾಲುಗಳೂ ಆಗ ತಮ್ಮ ಸರಿಯಾದ ಅಂತರವನ್ನು ಕಂಡುಕೊಳ್ಳುತ್ತವೆ. ಬ್ರೇಕು ಹಿಡಿಯುವುದನ್ನು ಪರೀಕ್ಷಿಸದೆ ರಸ್ತೆಗೆ ಇಳಿಯಲೇಕೂಡದು.

ಮನೆಯ ಕೆಲಸಕ್ಕೂ ಒಂದು ಎಲ್ಲೆಯಿದೆ. ಅಪಘಾತದಲ್ಲಿ ಬಾಗಿದ ಕೊಳವೆ, ಬಿರುಕುಬಿಟ್ಟ ಲೋಹ, ಇವು ಕುಶಲಕರ್ಮಿಯ ಪಾಲಿಗೆ ಸೇರಿದವು. ಆದರೆ ಒಮ್ಮೆ ಈ ಕೆಲಸವನ್ನು ಮಾಡಿನೋಡಿದವರು ಆ ಕುಶಲಕರ್ಮಿಯೊಡನೆ ಮಾತಾಡುವ ರೀತಿಯೇ ಬೇರೆ. ಅವನ ಕೂಲಿಯನ್ನು ಚೌಕಾಸಿ ಮಾಡುವ ಮುನ್ನ ಆ ಕೆಲಸ ಬೇಡುವ ತಾಳ್ಮೆ ನೆನಪಾಗುತ್ತದೆ. ಪುಸ್ತಕ ಹಿಡಿಯುವ ಕೈ ಸ್ಪ್ಯಾನರ್ ಹಿಡಿದರೆ ಕಿರಿದಾಗುವುದಿಲ್ಲ. ಉಗುರಿನ ಸಂದಿನ ಎಣ್ಣೆ ಎರಡು ದಿನಕ್ಕೆ ಹೋಗುತ್ತದೆ. ಕೈ ಕಲಿತ ತಿಳಿವಳಿಕೆ ಉಳಿಯುತ್ತದೆ.